‘ನರ್ವ್ ಬ್ಲಾಕ್’: ರೋಗಿಗೆ ತಿಳಿಯುವ ಕನ್ನಡ ಮಾತು ಯಾವುದು?

ಮಾನ್ಯರೇ,

ಮಂಡ್ಯದ ಆಸ್ಪತ್ರೆಯೊಂದಕ್ಕಾಗಿ, ಮಂಡಿಯಿಂದ ಕೆಳಗಿನ ಶಸ್ತ್ರಚಿಕಿತ್ಸೆಗೆ ಬರುವವರಿಗೆ ಕೊಡುವ ತಿಳಿವಳಿಕೆ ಪತ್ರವನ್ನು ಬರೆಯುತ್ತಿದ್ದೇನೆ. (ಬೆಲ್ಲದ ಮಂಡಿಯ ಊರಿನಲ್ಲಿಯೂ ಈ ಮಂಡಿಯ ವಿಷಯದಲ್ಲಿ ಯಾರಿಗೂ ಗೊಂದಲವಾಗಲಿಲ್ಲ.) ತೊಡಕಾಗಿರುವುದು ‘ನರ್ವ್ ಬ್ಲಾಕ್’, ಅಂದರೆ ಶಸ್ತ್ರಚಿಕಿತ್ಸೆಯ ನೋವು ತಿಳಿಯದಂತೆ ನರದ ಬಳಿ ಔಷಧ ಕೊಟ್ಟು ಕಾಲನ್ನು ಮಾತ್ರ ಸ್ಪರ್ಶವಿಲ್ಲದಂತೆ ಮಾಡುವ ಕ್ರಮ. ಮಂಡಿಯ ಹಿಂದಿನ ಗುಳಿಯ ಬಳಿ ಕಾಲಿನ ದೊಡ್ಡ ನರವಾದ ಸಯಾಟಿಕ್ ನರವು ಎರಡಾಗಿ ಕವಲೊಡೆಯುವ ಜಾಗವನ್ನು ಅಲ್ಟ್ರಾಸೌಂಡ್ ಪರದೆಯಲ್ಲಿ ಕಂಡುಕೊಂಡು, ಸೂಜಿಯ ತುದಿ ಎಲ್ಲಿದೆಯೆಂದು ನೋಡುತ್ತಲೇ, ನರದ ಸುತ್ತ ರೋಪಿವಕೇನ್‌ನಂತಹ ಔಷಧವನ್ನು ಬಿಡುತ್ತಾರೆ. ಕಾಲಿನ ಒಳಮಗ್ಗುಲು ಮಾತ್ರ ತೊಡೆಯ ಕಡೆಯಿಂದ ಇಳಿದುಬರುವ ಸಫೀನಸ್ ನರದ ಪಾಲಾದ್ದರಿಂದ, ಅದಕ್ಕೆ ಇನ್ನೊಂದು ಸೂಜಿ ಬೇಕಾಗುತ್ತದೆ.

‘ನರ ಬ್ಲಾಕ್’ ಎಂದು ಬರೆದಿದ್ದ ಕರಡನ್ನು ಓದಿದ ರೈತರೊಬ್ಬರು, “ಬ್ಲಾಕ್ ಆಗಿರೋದನ್ನ ಬಿಡಿಸ್ತಾರೋ, ಇವರೇ ಬ್ಲಾಕ್ ಮಾಡ್ತಾರೋ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. “ಗ್ಲೂಕೋಸ್ ಹಾಕೋಕೆ ನರ ಸಿಗಲಿಲ್ಲ” ಎನ್ನುವಾಗ ನಮ್ಮ ಕಡೆ ನರವೆಂದರೆ ರಕ್ತನಾಳ. ಹೃದಯದ ಬ್ಲಾಕಿನ ಸುದ್ದಿ ಕೇಳಿದವರಿಗೆ ಬ್ಲಾಕ್ ಎಂದರೆ ಕಾಯಿಲೆ.

‘ಅರಿವಳಿಕೆ’ ಎಂಬ ಒಳ್ಳೆಯ ಪದ ಬಳಕೆಗೆ ಬಂದಿದೆಯಾದರೂ ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಕಾಲು ಮಾತ್ರ ಸ್ಪರ್ಶ ಕಳೆದುಕೊಂಡು, ರೋಗಿ ಎಚ್ಚರವಾಗಿಯೇ ಮಾತನಾಡುತ್ತಿರಬಹುದಾದ ಕ್ರಮವೊಂದಕ್ಕೆ ‘ಅರಿವು ಅಳಿಯುತ್ತದೆ’ ಎಂದರೆ, ಪ್ರಜ್ಞೆ ತಪ್ಪಿಸುತ್ತಾರೆಂದೇ ಓದುವವರು ತಿಳಿಯುತ್ತಾರೆ. ‘ಸ್ಥಳೀಯ’ ಎಂಬ ವಿಶೇಷಣದಿಂದ ಆ ಭಯ ಹೋಗುವುದಿಲ್ಲ.

ಉಳಿದದ್ದು ಆಡುಮಾತಿನ ‘ಜೋಮು’ ಮತ್ತು ‘ಮರಗಟ್ಟು’. ಜೋಮು ಎಂದರೆ ಕುಳಿತಲ್ಲಿ ಹಿಡಿದು, ಎದ್ದು ಓಡಾಡಿದರೆ ಬಿಡುವಂಥದ್ದು; ಕತ್ತರಿಸಿದರೂ ನೋವು ತಿಳಿಯದ ಸ್ಥಿತಿಗೆ ಅದು ಸಾಲದು. ‘ಮರಗಟ್ಟು’ ಸರಿಹೊಂದುತ್ತದೆ, ಆದರೆ ಸಕ್ಕರೆ ಕಾಯಿಲೆಯವರು ತಮ್ಮ ಪಾದದ ಬಗ್ಗೆ ಆಡುವ ಮಾತೂ ಅದೇ, ಮತ್ತು ಪಾದದ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಅಂಥವರು ಕಡಿಮೆಯೇನಲ್ಲ. ಆದ್ದರಿಂದ ಪ್ರೇರಣಾರ್ಥಕ ರೂಪವನ್ನು ಹಿಡಿದು, ‘ಕೆಲವು ಗಂಟೆಗಳ ಕಾಲ ಕಾಲನ್ನು ಮರಗಟ್ಟಿಸುವ ಸೂಜಿ’ ಎಂದು ಬರೆದಿದ್ದೇನೆ. ಮರಗಟ್ಟುವುದು ತಾನಾಗಿ ಆಗುವಂಥದ್ದು, ಮರಗಟ್ಟಿಸುವುದು ವೈದ್ಯರು ಬೇಕೆಂದೇ ಮಾಡುವಂಥದ್ದು. ರೈತರ ಪ್ರಶ್ನೆಗೆ ಉತ್ತರ ಆ ‘ಇಸು’ವಿನಲ್ಲಿಯೇ ಇದೆಯೆಂದು ನನ್ನ ಅನಿಸಿಕೆ.

‘ಮರಗಟ್ಟಿಸು’ ನಿಮ್ಮ ಕಿವಿಗೆ ಸಹಜವಾಗಿದೆಯೇ? ಪಾರಿಭಾಷಿಕ ಪದವಾಗಿ ‘ನರತಡೆ’ ನಿಲ್ಲಬಲ್ಲದೇ? ಮೈಸೂರು ಕಡೆಯವರು ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.