ಕ್ಯಾತ್ಸಂದ್ರದ ತಟ್ಟೇಲಿ ಅರೋಕೋತ್

ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋದು ನಮ್ಮ ಮೂವರ ಹಳೇ ಚಾಳಿ. ನಾನು, ಆಟೋ ಮಂಜ, ವಿಜ್ಞಾನದ ಮೇಷ್ಟ್ರು. ಮೇಷ್ಟ್ರು ರಿಟೈರಾಗಿ ವರ್ಷಗಳಾದ್ವು, ಅವರ ಪಾಠ ಮಾತ್ರ ಇನ್ನೂ ಸರ್ವೀಸಲ್ಲೇ ಇದೆ.

“ಅರೋಕೋತ್ ಗೊತ್ತೇನ್ರಯ್ಯಾ?” ಅಂದ್ರು. ಇಡ್ಲಿ ಇನ್ನೂ ಬಂದಿರಲಿಲ್ಲ.

“ಯಾರೋ ಕೋತಿನಾ? ದೇವರಾಯನದುರ್ಗದಲ್ಲಿ ಬೇಕಾದಷ್ಟವೆ, ಬನ್ನಿ ತೋರಿಸ್ತೀನಿ,” ಅಂದ ಮಂಜ.

“ಕೋತಿ ಅಲ್ವೋ! ಪ್ಲೂಟೊದಿಂದಾಚೆ ಸೂರ್ಯನ್ನ ಸುತ್ತೋ ಪುಟಾಣಿ ಹಿಮದ ಕಾಯ. ಒಂದು ಸುತ್ತಿಗೆ ಹತ್ತತ್ರ 300 ವರ್ಷ. ಅಮೆರಿಕದ ಮೂಲನಿವಾಸಿ ಪೊಹಾಟನ್ ಜನರ ಭಾಷೇಲಿ ಆ ಹೆಸರಿಗೆ ಆಕಾಶ ಅಂತ ಅರ್ಥ. 2006ರಲ್ಲಿ ಹೊರಟ ನ್ಯೂ ಹೊರೈಜನ್ಸ್ ನೌಕೆ 2019ರ ಜನವರಿ 1ಕ್ಕೆ ಅದರ ಪಕ್ಕ ಹಾದುಹೋಯ್ತು. ಮಜಾ ಏನಂದ್ರೆ, ಹಬಲ್ ದೂರದರ್ಶಕಕ್ಕೆ ಅದು ಕಂಡಿದ್ದೇ 2014ರಲ್ಲಿ.”

“ಹೆಣ್ಣು ಗೊತ್ತಾಗೋಕ್ ಮುಂಚೆನೇ ದಿಬ್ಬಣ ಹೊರಡಿಸಿದ್ರಾ?”

“ಹೊರಟಿದ್ದು ಪ್ಲೂಟೊ ನೋಡೋಕೆ ಕಣೋ. 2015ರಲ್ಲಿ ಆ ಕೆಲಸ ಮುಗೀತು. ಇಂಧನ ಉಳಿದಿತ್ತು, ಮುಂದಕ್ಕೆ ಬಿಟ್ರು.”

“ರಿಟರ್ನ್ ಬಾಡಿಗೆ?”

“ರಿಟರ್ನೇ ಇಲ್ಲ.”

ಮಂಜ ಲೊಚಗುಟ್ಟಿದ. ಮೀಟರ್ ನಂಬಿ ಬದುಕೋನ ಸಂಕಟ ನಮಗೆ ಅರ್ಥ ಆಗಲ್ಲ.

ಅಷ್ಟರಲ್ಲಿ ಇಡ್ಲಿ ಬಂತು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕೆಂಪು ಚಟ್ನಿ. ಮೇಷ್ಟ್ರು ನನ್ನ ತಟ್ಟೆ ಎಳ್ಕೊಂಡ್ರು (ಅವರದ್ದನ್ನಲ್ಲ, ಗಮನಿಸಿ). ಮಂಜನ ಬೋಂಡ ಎತ್ತಿ ಹೆಬ್ಬೆರಳಲ್ಲಿ ಒತ್ತಿ ಸ್ವಲ್ಪ ಚಪ್ಪಟೆ ಮಾಡಿ, ಇಡ್ಲಿ ಅಂಚಿಗೆ ಬೆಣ್ಣೇಲಿ ಅಂಟಿಸಿದ್ರು. ಮೇಲೆ ಚಟ್ನಿ ಸವರಿದ್ರು.

“ಇದೇ ನೋಡಿ. ಬಣ್ಣವೂ ಕೆಂಪೇ. ಮೆಥನಾಲ್ ಹಿಮ ಇದೆ, ಅದರ ಜೊತೆ ವಿಕಿರಣ ಬಡಿದು ಬಡಿದು ಆದ ಸಾವಯವ ಪದಾರ್ಥ. ಮೊದಲ ಫೋಟೋದಲ್ಲಿ ಎರಡು ಗುಂಡು ಅಂಟಿಕೊಂಡ ಹಾಗೆ ಕಾಣ್ತು.”

“ಸೋರೆಬುರುಡೆ ಥರ,” ಅಂದೆ ನಾನು.

“ಹ್ಞಾಂ. ಆಮೇಲೆ ನೌಕೆ ದಾಟಿ ಹೋಗ್ತಾ ಹಿಂತಿರುಗಿ ತೆಗೆದ ಚಿತ್ರಗಳು ಬಂದ್ವು.” ತಟ್ಟೇನ ನನ್ನ ಕಣ್ಣಿನ ಮಟ್ಟಕ್ಕೆ ಎತ್ತಿದ್ರು. “ಈಗ ಪಕ್ಕದಿಂದ ನೋಡು. ದೊಡ್ಡದು ಚಪ್ಪಟೆ!”

ಚಟ್ನಿ ನನ್ನ ಅಂಗಿಗೆ ಇಳೀತು. ಆದ್ರೆ ಆಕಾರ ಮಾತ್ರ ಮನಸಲ್ಲಿ ಕೂತುಬಿಡ್ತು.

“ಉದ್ದ ಎಷ್ಟಿದೆ ಮೇಷ್ಟ್ರೇ?”

“ಸುಮಾರು 36 ಕಿಲೋಮೀಟರ್. ಇಡ್ಲಿ ಭಾಗವೇ 20. ತುಮಕೂರಲ್ಲಿ ಒಂದು ತುದಿ ಇಟ್ರೆ ಗುಬ್ಬೀಲಿ ಕತ್ತು, ನಿಟ್ಟೂರಿಂದಾಚೆ ಬೋಂಡ ಮುಗಿಯುತ್ತೆ.”

“ಡಿಕ್ಕಿ ಹೊಡೆದ್ರೆ ಒಡೆದು ಚೂರಾಗ್ಬೇಕಿತ್ತಲ್ಲ?” ಇದು ಮಂಜನ ಪ್ರಶ್ನೆ, ಅನುಭವದ ಪ್ರಶ್ನೆ.

“ಅಲ್ಲೇ ಇರೋದು ವಿಷಯ. ಮನುಷ್ಯ ನಡೆಯೋ ವೇಗದಲ್ಲಿ ಬಂದು ಮೆತ್ತಗೆ ಕೂತಿವೆ. 400 ಕೋಟಿ ವರ್ಷಕ್ಕೂ ಹಿಂದೆ. ಗ್ರಹಗಳು ಕಟ್ಟೋಕೆ ಶುರುವಾದಾಗಿನ ಸಾಮಾನು ಅದು, ಹೆಚ್ಚುಕಮ್ಮಿ ಹಾಗೇ ಉಳಿದಿದೆ.”

“ನಮ್ಮಪ್ಪನ ಜಮೀನಲ್ಲಿ ಇಬ್ರು ಅಣ್ತಮ್ಮಂದಿರು ನಾಲ್ಕು ವರ್ಷ ಅಂಟ್ಕೊಂಡಿರಲಿಲ್ಲ,” ಅಂತ ಗೊಣಗಿದ ಮಂಜ.

ಮೇಷ್ಟ್ರಿಗೆ ಹುಮ್ಮಸ್ಸು ಬಂತು. “ಅಲ್ಲಿಂದ ರೇಡಿಯೋ ಸಂಕೇತ ಬರೋಕೇ ಆರು ಗಂಟೆ. ಇನ್ನು ಅದು ತನ್ನ ಸುತ್ತ ತಿರುಗೋಕೆ ಸುಮಾರು 16 ಗಂಟೆ, ಹೀಗೆ,” ಅಂತ ತಟ್ಟೆ ತಿರುಗಿಸೋಕೆ ಕೈ ಹಾಕಿ ನಿಂತುಬಿಟ್ರು. ಇಡ್ಲಿ ಇತ್ತು, ಬೆಣ್ಣೆ ಕಲೆ ಇತ್ತು, ಬೋಂಡ ಇರಲಿಲ್ಲ.

ಮಂಜನ ಕೆನ್ನೆ ಉಬ್ಬಿತ್ತು.

“650 ಕೋಟಿ ಕಿಲೋಮೀಟರ್ ಆಚೆ ಇರೋದು ಆರಾಮಾಗದೆ ಬುಡಿ ಮೇಷ್ಟ್ರೇ,” ಅಂದ ನುಂಗಿಕೊಂಡು. “ಇದು ಆರೋಗ್ತಿತ್ತು.”