ಸಹಾಯ ಬೇಕು: ಪಿಷ್ಟದ ಹಾಳೆ ಒಂದೋ ಮುರಿಯುತ್ತದೆ, ಇಲ್ಲವೇ ಅಂಟುತ್ತದೆ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಮೆಕ್ಕೆಜೋಳದ ಪಿಷ್ಟದಿಂದ ಮಣ್ಣಿನಲ್ಲಿ ಕರಗಿಹೋಗುವ ಪ್ಯಾಕಿಂಗ್ ಹಾಳೆ ಮಾಡುತ್ತಿದ್ದೇನೆ. ಎರಡು ತಿಂಗಳಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

100 ಮಿ.ಲೀ. ನೀರಿಗೆ 5 ಗ್ರಾಂ ಪಿಷ್ಟ, ಹಾಳೆ ಮೆತ್ತಗಿರಲೆಂದು 1.5 ಗ್ರಾಂ ಗ್ಲಿಸರಾಲ್ ಹಾಕಿ, 85 ಡಿಗ್ರಿಯಲ್ಲಿ ಗಂಜಿ ತಿಳಿಯಾಗುವವರೆಗೆ ತಿರುವಿ, ಪೆಟ್ರಿ ತಟ್ಟೆಗೆ ಸುರಿದು 40 ಡಿಗ್ರಿಯಲ್ಲಿ ಒಣಗಿಸುತ್ತೇನೆ. ಅಜ್ಜಿ ಸಂಡಿಗೆ ಹಾಕುತ್ತಿದ್ದ ಕ್ರಮವೇ; ಥರ್ಮಾಮೀಟರ್ ಒಂದು ಹೆಚ್ಚು. ಗ್ಲಿಸರಾಲ್ ಇಳಿಸಿದರೆ ಹಾಳೆ ಹಪ್ಪಳದಂತೆ ಚಟಕ್ಕನೆ ಮುರಿಯುತ್ತದೆ. ಏರಿಸಿದರೆ ಮಳೆಗಾಲದ ತೇವ ಹೀರಿ ಬೆರಳಿಗೆ ಅಂಟುತ್ತದೆ.

ತೇವ ತಡೆಯಲೆಂದು ಪಿಷ್ಟದ ತೂಕದ ಶೇ. 2ರಷ್ಟು ಸತು ಆಕ್ಸೈಡ್ ನ್ಯಾನೊಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಸೇರಿಸಿದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು! ಕಣಗಳು ಹೀಗೆ ಗುಂಪುಗೂಡಿದ ಮೇಲೆ ‘ನ್ಯಾನೊ’ ಎನ್ನುವುದು ಹೆಸರಿಗಷ್ಟೇ. ಗುಂಪು ಬಿಡಿಸಲು ನಮ್ಮಲ್ಲಿರುವುದು ಗಾಜಿನ ಸಾಮಾನು ತೊಳೆಯುವ ತೊಟ್ಟಿ ಮಾದರಿಯ ಸೋನಿಕೇಟರ್ (ಕಿವಿಗೆ ಕೇಳದ ಶಬ್ದದಿಂದ ನೀರನ್ನು ಕಂಪಿಸುವ ಯಂತ್ರ) ಮಾತ್ರ. ಪುಡಿಯನ್ನು ಮೊದಲು ಬರಿಯ ನೀರಿನಲ್ಲಿ ಅದರೊಳಗಿಟ್ಟು, ಆಮೇಲೆ ಪಿಷ್ಟ ಹಾಕಿದರೆ ಸಾಕೇ? ಎಷ್ಟು ಹೊತ್ತು ಇಡಬೇಕು? ಅಥವಾ ಸತು ಬಿಟ್ಟು ನ್ಯಾನೊ ಜೇಡಿಗೆ (ಅತಿ ಸಣ್ಣ ಕಣಗಳ ಜೇಡಿಮಣ್ಣಿಗೆ) ಹೋಗುವುದು ವಾಸಿಯೇ?

ಇನ್ನೊಂದು ತಲೆನೋವು. ತುಂಡುಗಳನ್ನು ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಹಾಳೆ ಎರೆಯಬೇಕೆಂಬುದು ಮರುಬಳಕೆಯ ಯೋಜನೆ. ಸಿಟ್ರಿಕ್ ಆಮ್ಲದಿಂದ ಪಿಷ್ಟದ ಸರಪಳಿಗಳನ್ನು ಬೆಸೆದರೆ ನೀರು ತಡೆಯುತ್ತದೆ, ಸರಿ. ಆದರೆ ಆಮೇಲೆ ಕರಗುವುದು ಹೇಗೆ? ಸತುವಿನ ಕಣಗಳು ಹಾಳೆಯನ್ನು ಕೊಳೆಸಬೇಕಾದ ಮಣ್ಣಿನ ಸೂಕ್ಷ್ಮಜೀವಿಗಳನ್ನೂ ತಡೆದಾವೆಂಬ ಭಯ ಬೇರೆ.

ಕೈಯಾರೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಕೆಟ್ಟುಹೋದ ಪ್ರಯೋಗದ ಅನುಭವವಾದರೂ ಸರಿಯೇ.