ಎಲ್‌ಆರ್‌ಪಿಟಿ ಚಿತ್ರದಲ್ಲಿ ಕಪ್ಪು ಪಟ್ಟಿ: ಸ್ಯಾಂಪಲ್ ಬೀಳ್ತಿದೆಯಾ, ಎಫ್‌ಎಂ ನುಗ್ತಿದೆಯಾ?

ಪ್ರಶ್ನೆ

ನಮಸ್ಕಾರ. ಬೆಂಗಳೂರಿನ ಮನೆ ತಾರಸಿಯಿಂದ ಮೆಟಿಯೋರ್-ಎಂ 2-4 ಹವಾಮಾನ ಉಪಗ್ರಹದ ಚಿತ್ರ (ಎಲ್‌ಆರ್‌ಪಿಟಿ ಎಂಬ ಅದರ ಡಿಜಿಟಲ್ ಪ್ರಸಾರ) ಹಿಡಿಯುತ್ತಿದ್ದೇನೆ, 137.9 ಮೆಗಾಹರ್ಟ್ಸ್‌ನಲ್ಲಿ. ವಿ-ಡೈಪೋಲ್ (ತೋಳು ತಲಾ 53.4 ಸೆಂ.ಮೀ., ನಡುವೆ 120 ಡಿಗ್ರಿ), ಎಲ್‌ಎನ್‌ಎ (ಕಡಿಮೆ ಗದ್ದಲದ ಆಂಪ್ಲಿಫೈಯರ್), ಆರ್820ಟಿ2 ಟ್ಯೂನರ್ ಇರುವ ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿ ರೇಡಿಯೊ ರಿಸೀವರ್), ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್). ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸಿಗ್ನಲ್ಲಿನ ಎಷ್ಟು ಅಳತೆ) 2.4 ಮೆಗಾ, ಡಾಂಗಲ್‌ನ ಗೇನ್ 49.6. ಬೇಸ್‌ಬ್ಯಾಂಡನ್ನು (ಕಚ್ಚಾ ಸ್ಯಾಂಪಲ್‌ಗಳನ್ನು) ಎಸ್‌ಡಿ ಕಾರ್ಡಿಗೆ ಉಳಿಸಿಕೊಂಡು ಆಮೇಲೆ ಸ್ಯಾಟ್‌ಡಂಪ್ ತಂತ್ರಾಂಶದಲ್ಲಿ ಡಿಕೋಡ್ ಮಾಡುತ್ತೇನೆ.

ಉಪಗ್ರಹ ನೆತ್ತಿಯ ಮೇಲಿದ್ದಾಗ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಬಲ) 9-10 ಡಿಬಿ ತೋರಿಸುತ್ತೆ, ಆದರೂ 15-20 ಸೆಕೆಂಡಿಗೊಮ್ಮೆ ಡಿಕೋಡರ್‌ನ ಲಾಕ್ (ಸಿಗ್ನಲ್ ಮೇಲಿನ ಹಿಡಿತ) ತಪ್ಪಿ ಕಪ್ಪು ಪಟ್ಟಿ ಬೀಳುತ್ತೆ. ಪಿಪಿಎಂ (ಡಾಂಗಲ್ ಗಡಿಯಾರದ ತಪ್ಪಿಗೆ ತಿದ್ದುಪಡಿ, ಹತ್ತು ಲಕ್ಷಕ್ಕೆ ಇಷ್ಟು ಅಂತ) 0ಯಿಂದ 50ರವರೆಗೆ ಬದಲಿಸಿದರೂ ವ್ಯತ್ಯಾಸವಿಲ್ಲ. ಪಶ್ಚಿಮಕ್ಕೆ ಒಂದು ಎಫ್‌ಎಂ ಟವರ್ ಕಣ್ಣಿಗೆ ಕಾಣುವಷ್ಟು ಹತ್ತಿರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಪಿಪಿಎಂ ಬಿಟ್ಟುಬಿಡಿ. 50 ಪಿಪಿಎಂ ತಪ್ಪಿದ್ದರೂ 137.9ರಲ್ಲಿ ಅದು 6.9 ಕಿಲೋಹರ್ಟ್ಸ್ ಅಷ್ಟೇ. ಸೆಕೆಂಡಿಗೆ 72,000 ಸಿಂಬಲ್‌ಗಳ (ಪ್ರಸಾರವಾಗುವ ಒಂದೊಂದು ಸಂಕೇತ) ಗಡಿಯಾರದಲ್ಲಿ ಸೆಕೆಂಡಿಗೆ 3.6 ಸಿಂಬಲ್‌ನ ವ್ಯತ್ಯಾಸ; ಟೈಮಿಂಗ್ ಲೂಪ್ ಅದನ್ನು ಆರಾಮಾಗಿ ಹಿಂಬಾಲಿಸುತ್ತೆ. ಅದೂ ಅಲ್ಲದೆ ಪಿಪಿಎಂ ತಪ್ಪು ಸದಾ ಇರುವಂಥದ್ದು, ಇಪ್ಪತ್ತು ಸೆಕೆಂಡಿಗೊಮ್ಮೆ ಬಂದು ಹೋಗುವಂಥದ್ದಲ್ಲ.

ಎಸ್‌ಎನ್‌ಆರ್ ಚೆನ್ನಾಗಿದ್ದೂ ಲಾಕ್ ತಪ್ಪಿದರೆ ಸ್ಯಾಂಪಲ್ ಬಿದ್ದುಹೋಗಿರುವ ಸಾಧ್ಯತೆಯೇ ಹೆಚ್ಚು. ಕಾನ್‌ಸ್ಟೆಲೇಶನ್ (ಸಿಂಬಲ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ಗಮನಿಸಿ. ಸಿಗ್ನಲ್ ಸೊರಗಿದರೆ ನಾಲ್ಕು ಗುಂಪುಗಳು ನಿಧಾನವಾಗಿ ಹರಡಿ ಒಂದಕ್ಕೊಂದು ಬೆರೆಯುತ್ತವೆ. ಸ್ಯಾಂಪಲ್ ಬಿದ್ದರೆ, ಅಚ್ಚುಕಟ್ಟಾಗಿ ನಿಂತಿದ್ದ ಗುಂಪುಗಳು ಒಮ್ಮೆಲೇ ಉಂಗುರದ ಹಾಗೆ ಸುತ್ತಿ ಮತ್ತೆ ನಿಲ್ಲುತ್ತವೆ.

ಲೆಕ್ಕ ನೋಡಿ. ಡ್ರೈವರ್‌ನ ಒಂದು ಬಫರ್ (ಸ್ಯಾಂಪಲ್ ತಾತ್ಕಾಲಿಕವಾಗಿ ಕೂಡಿಡುವ ಜಾಗ) 2,62,144 ಬೈಟ್. ಒಂದು ಸ್ಯಾಂಪಲ್‌ಗೆ 2 ಬೈಟ್. 2.4 ಮೆಗಾದಲ್ಲಿ ಒಂದು ಬಫರ್ ಅಂದರೆ ಸುಮಾರು 55 ಮಿಲಿಸೆಕೆಂಡ್. ಅದೊಂದು ಹೋದರೆ 3,900 ಸಿಂಬಲ್ ಹೋದಂತೆ. ಎಲ್‌ಆರ್‌ಪಿಟಿಯ ಒಂದು ಫ್ರೇಮ್ (ಮಾಹಿತಿಯ ಒಂದು ಕಟ್ಟು) 114 ಮಿಲಿಸೆಕೆಂಡ್ ಇರುತ್ತೆ, ಹಾಗಾಗಿ ಆ ಫ್ರೇಮ್ ಕೆಟ್ಟಿತು. ಡಿಕೋಡರ್‌ನ ಹಂತಗಳಾದ ಕ್ಯಾರಿಯರ್ ಲೂಪ್, ವಿಟರ್ಬಿ, ಫ್ರೇಮ್ ಸಿಂಕ್ ಮೂರೂ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಮುಂದಿನ ಕೆಲವು ಫ್ರೇಮ್‌ಗಳೂ ಹೋಗುತ್ತವೆ. ನಿಮ್ಮ ಕಪ್ಪು ಪಟ್ಟಿ ಅದೇ ಇರಬೇಕು.

ಅನುಮಾನ ಎಸ್‌ಡಿ ಕಾರ್ಡಿನ ಮೇಲೆ. ಸೆಕೆಂಡಿಗೆ 4.8 ಮೆಗಾಬೈಟ್ ಬರೆಯುತ್ತಿದ್ದೀರಿ, 15 ನಿಮಿಷಕ್ಕೆ 4.3 ಗಿಗಾಬೈಟ್. ಲಿನಕ್ಸ್ ಅದನ್ನು ಮೆಮೊರಿಯಲ್ಲಿ ಕೂಡಿಟ್ಟು ಆಗಾಗ ಒಟ್ಟಿಗೆ ಕಾರ್ಡಿಗೆ ಸುರಿಯುತ್ತೆ. ಆಗ ಪ್ರೋಗ್ರಾಮ್ ಒಂದು ಸೆಕೆಂಡ್ ನಿಂತರೂ ಸಾಕು, ಡ್ರೈವರ್‌ನ 15 ಬಫರ್‌ಗಳು 0.8 ಸೆಕೆಂಡಿಗೇ ತುಂಬಿಹೋಗುತ್ತವೆ. ರೇಟನ್ನು 1.024 ಮೆಗಾಕ್ಕೆ ಇಳಿಸಿದರೆ ಅದೇ ಬಫರ್‌ಗಳು 1.9 ಸೆಕೆಂಡ್ ತಡೆಯುತ್ತವೆ. ಸಿಗ್ನಲ್ ಅಗಲ 120 ಕಿಲೋಹರ್ಟ್ಸ್ ಆಸುಪಾಸು, 1.024 ಧಾರಾಳ ಸಾಕು. 500 ಕಿಲೋ ಹಾಕಲು ಹೋಗಬೇಡಿ. 300ರಿಂದ 900 ಕಿಲೋವರೆಗಿನ ರೇಟ್ ಈ ಚಿಪ್ ಕೊಡುವುದಿಲ್ಲ.

ಈಗ ಮಾಡಬೇಕಾದ್ದು: ಆರ್‌ಟಿಎಲ್-ಟೆಸ್ಟ್ ಆಜ್ಞೆಯನ್ನು 2.4ರಲ್ಲಿ ಹತ್ತು ನಿಮಿಷ, 1.024ರಲ್ಲಿ ಹತ್ತು ನಿಮಿಷ ಓಡಿಸಿ. ಶುರುವಿನಲ್ಲಿ ಒಮ್ಮೆ ನಷ್ಟ ತೋರಿಸಿದರೆ ಲೆಕ್ಕಕ್ಕಿಲ್ಲ. ಅದು ಹೇಳುವ ಬೈಟ್ ಸಂಖ್ಯೆ ಚಿಕ್ಕದಿದೆ ಅಂತ ಸಮಾಧಾನ ಪಡಬೇಡಿ, 8-ಬಿಟ್ ಎಣಿಕೆ ಆದ್ದರಿಂದ 256ಕ್ಕೊಮ್ಮೆ ಸೊನ್ನೆಗೆ ಮರಳುತ್ತೆ, ನಿಜವಾದ ನಷ್ಟ ಇನ್ನೂ ದೊಡ್ಡದಿರಬಹುದು. ಟೆಸ್ಟ್‌ನಲ್ಲಿ ನಷ್ಟ ಇಲ್ಲದೆ ರೆಕಾರ್ಡಿಂಗ್‌ನಲ್ಲಿ ಮಾತ್ರ ಇದ್ದರೆ ಕಾರ್ಡೇ ಕಾರಣ. ಜೊತೆಗೆ ಪೈನ ಗೆಟ್-ಥ್ರಾಟಲ್ಡ್ ಆಜ್ಞೆ ಏನು ಹೇಳುತ್ತೆ ನೋಡಿ. ಕೊನೆಯಲ್ಲಿ 50000 ಬಂದರೆ ಪೈಗೆ ವೋಲ್ಟೇಜ್ ಸಾಲದೆ ವೇಗ ತಗ್ಗಿಸಿಕೊಂಡಿತ್ತು ಅಂತ ಅರ್ಥ, 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಹಾಕಿ.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್ ಸರ್. ಟೆಸ್ಟ್‌ನಲ್ಲಿ ಎರಡೂ ರೇಟಿಗೆ ನಷ್ಟ ಇಲ್ಲ, ಥ್ರಾಟಲ್ 0. ಕಾರ್ಡಿಗೆ ಬರೆಯದೆ 1.024ರಲ್ಲಿ ನೇರವಾಗಿ ಡಿಕೋಡ್ ಮಾಡಿದೆ, ನೆತ್ತಿಯ ಭಾಗದ ಪಟ್ಟಿಗಳು ಪೂರ್ತಿ ಹೋದವು. ಆದರೆ ಪಶ್ಚಿಮದ ಕಡೆ 30 ಡಿಗ್ರಿಗಿಂತ ಕೆಳಗಿಳಿದ ಮೇಲೆ ಎಸ್‌ಎನ್‌ಆರ್ 3ಕ್ಕೆ ಬೀಳುತ್ತೆ. ಗೇನ್ 49.6ರಿಂದ 29.7ಕ್ಕೆ ತಂದರೆ 3 ಡಿಬಿ *ಹೆಚ್ಚುತ್ತೆ*. ಸಾಫ್ಟ್‌ವೇರ್ ಫಿಲ್ಟರ್ ಕಿರಿದು ಮಾಡಿದರೆ ಸರಿಹೋಗುತ್ತಾ?

ಉತ್ತರ 2

ಇಲ್ಲ, ಕೆಡುತ್ತೆ. 120 ಕಿಲೋಹರ್ಟ್ಸ್ ಸಿಗ್ನಲ್ಲಿಗೆ 50ರ ಫಿಲ್ಟರ್ ಹಾಕಿದರೆ ಸಿಂಬಲ್‌ಗಳು ಒಂದರೊಳಗೊಂದು ಕಲಸಿಹೋಗುತ್ತವೆ. 140-150 ಇರಲಿ, ಡಾಪ್ಲರ್‌ನ (ಉಪಗ್ರಹದ ಓಟದಿಂದ ಆವರ್ತನ ಸರಿಯುವುದು) ಮೂರು ಕಿಲೋಹರ್ಟ್ಸ್‌ಗೂ ಜಾಗ ಆಗುತ್ತೆ.

ಗೇನ್ ಇಳಿಸಿದಾಗ ಎಸ್‌ಎನ್‌ಆರ್ ಏರಿದರೆ ಅದು ಓವರ್‌ಲೋಡ್, ಅನುಮಾನವೇ ಬೇಡ. 91ರಿಂದ 104 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ಸ್ಟೇಷನ್‌ಗಳೆಲ್ಲ ಒಟ್ಟಿಗೆ ಎಲ್‌ಎನ್‌ಎಗೆ ನುಗ್ಗಿ, ಅಲ್ಲಿಂದ ಬಲವಾಗಿ ಬಂದು ಡಾಂಗಲ್‌ನ ಟ್ಯೂನರನ್ನು ಅಮುಕುತ್ತಿವೆ. ಕೆಟ್ಟಿರುವುದು ಎಡಿಸಿಗಿಂತ (ಸಿಗ್ನಲ್ಲನ್ನು ಅಂಕಿಗಳಾಗಿಸುವ ಭಾಗ) ಮೊದಲೇ, ಸಾಫ್ಟ್‌ವೇರ್ ಅದನ್ನು ಸರಿಮಾಡಲಾರದು. ಫಿಲ್ಟರ್ ಆಂಟೆನಾಗೂ ಎಲ್‌ಎನ್‌ಎಗೂ *ನಡುವೆ* ಬರಬೇಕು.

88-108 ತಡೆಯುವ ರೆಡಿಮೇಡ್ ಫಿಲ್ಟರ್ ಸಿಕ್ಕರೆ ಅದೇ ಸುಲಭ. ಇಲ್ಲದಿದ್ದರೆ ಒಂದು ತುಂಡು ಆರ್‌ಜಿ-58 ಕೇಬಲ್ ಸಾಕು. ಟಿ-ಕನೆಕ್ಟರ್ ಹಾಕಿ, ಒಂದು ಕಡೆ ತುದಿ ತೆರೆದಿರುವ ಕಾಲು-ತರಂಗದ ಸ್ಟಬ್ (ತರಂಗಾಂತರದ ಕಾಲು ಭಾಗ ಉದ್ದದ ಕೇಬಲ್ ತುಂಡು) ಇಳಿಬಿಡಿ. 98 ಮೆಗಾಹರ್ಟ್ಸ್‌ಗೆ 76.5 ಸೆಂ.ಮೀ., ಕೇಬಲ್ಲಿನ ವೇಗದ ಅಂಶ 0.66ರಿಂದ ಗುಣಿಸಿದರೆ 50.5. ಮೊದಲು 53ಕ್ಕೆ ಕತ್ತರಿಸಿ, ಎಫ್‌ಎಂ ಸ್ಟೇಷನ್‌ಗಳ ಮಟ್ಟ ನೋಡುತ್ತಾ 5 ಮಿ.ಮೀ. 5 ಮಿ.ಮೀ. ಟ್ರಿಮ್ ಮಾಡಿ, ಪ್ರತಿ ಸಲ ನಾಚ್ (ಸ್ಟಬ್ ತಡೆಯುವ ಆವರ್ತನ) ಸುಮಾರು 1 ಮೆಗಾಹರ್ಟ್ಸ್ ಮೇಲಕ್ಕೆ ಹೋಗುತ್ತೆ. ಫೋಮ್ ಕೇಬಲ್ ಆದರೆ ಅಂಶ 0.8ರ ಮೇಲಿರುತ್ತೆ, ಉದ್ದ ಬೇರೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆಮೇಲೆ ಉಪಗ್ರಹವೂ ಮಂಕಾಯಿತು ಅಂತಾರೆ. ಅದೇ ಸ್ಟಬ್ 137.9ರಲ್ಲಿ ಸುಮಾರು 37 ಓಮ್ ಇಂಡಕ್ಟರ್‌ನಂತೆ ಕೂತು 1.6 ಡಿಬಿ ತಿನ್ನುತ್ತೆ, ಅದೂ ಎಲ್‌ಎನ್‌ಎಗಿಂತ ಮೊದಲು. ಟೀ ಹತ್ತಿರವೇ ನಡು ತಂತಿಗೂ ಶೀಲ್ಡಿಗೂ 31 ಪಿಕೋಫ್ಯಾರಡ್ ಸೇರಿಸಿ (ಅಂಗಡಿಯಲ್ಲಿ 30 ಅಥವಾ 33 ಸಿಗುತ್ತೆ, ಸೆರಾಮಿಕ್, ಕಾಲು ಗಿಡ್ಡ ಮಾಡಿ). ಎರಡೂ ಒಂದನ್ನೊಂದು ಕಳೆದು 137.9ಕ್ಕೆ ದಾರಿ ಬಿಡುತ್ತವೆ. 91 ಮತ್ತು 104ರ ಅಂಚಿನಲ್ಲಿ ಸುಮಾರು 13 ಡಿಬಿ ಕಡಿತ ಸಿಗುತ್ತೆ, ನಡುವೆ ಇನ್ನೂ ಹೆಚ್ಚು.

ಉತ್ತರ 1

ಮೇಲಿನದಕ್ಕೆ ಒಂದೇ ಸೇರ್ಪಡೆ. ಸ್ಟಬ್‌ನ ತುದಿ ಮುಚ್ಚುವಾಗ ಶೀಲ್ಡಿನ ಒಂದು ಎಳೆಯೂ ನಡು ತಂತಿಗೆ ತಾಗಬಾರದು. ಗಮ್ ಟೇಪ್ ಸುತ್ತುವ ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿಕೊಳ್ಳಿ. ಪ್ರಯೋಗಕ್ಕೆಂದು ಇದೇ ಸ್ಟಬ್ಬನ್ನು ಎಲ್‌ಎನ್‌ಎ ಮತ್ತು ಡಾಂಗಲ್ ನಡುವೆ ಇಟ್ಟರೆ ಆ ಒಂದು ಎಳೆಯಿಂದ ಬಯಾಸ್-ಟೀಯ (ಕೇಬಲ್ ಮೂಲಕವೇ ಎಲ್‌ಎನ್‌ಎಗೆ ವಿದ್ಯುತ್ ಕೊಡುವ ವ್ಯವಸ್ಥೆ) 4.5 ವೋಲ್ಟ್ ಶಾರ್ಟ್ ಆಗುತ್ತೆ. ಸ್ಟಬ್ ಹಾಕಿದ ಮೇಲೆ ಗೇನನ್ನು 29.7ರಿಂದ ಒಂದೊಂದೇ ಮೆಟ್ಟಿಲು ಏರಿಸಿ, ಎಸ್‌ಎನ್‌ಆರ್ ಏರುವುದು ನಿಂತಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿ ಬಿಡಿ.